ಹುಬ್ಬಳ್ಳಿ ಶೆಡ್ಡಿನ ಮನೆಮಗ: ಘಾಟಿ ಏರಿದ ಡಬ್ಲ್ಯುಡಿಜಿ-4 ಎಂಜಿನ್ನಿನ ಕಥೆ

ಹೊಟ್ಟೆಪಾಡಿಗೆ ಮುಂಬಯಿ, ಪುಣೆ ಸೇರಿದ ಕನ್ನಡಿಗನಿಗೆ ರೈಲುಗಾಡಿ ಎಂದರೆ ಊರಿನ ಇನ್ನೊಂದು ಹೆಸರು. ಚಾಲುಕ್ಯ, ಶರಾವತಿ, ಮತ್ಸ್ಯಗಂಧಾ ಎಂಬ ಹೆಸರುಗಳು ನಮ್ಮ ಮನೆಗಳಲ್ಲಿ ನೆಂಟರ ಹೆಸರಿನಷ್ಟೇ ಬಳಕೆಯಲ್ಲಿವೆ. ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾವ ನಿಲ್ದಾಣದಲ್ಲಿ ಇಡ್ಲಿ-ವಡೆ ಚೆನ್ನಾಗಿರುತ್ತದೆ ಎಂಬುದೆಲ್ಲ ನಮಗೆ ಬಾಯಿಪಾಠ. ಆದರೆ ಗಾಡಿಯನ್ನು ಎಳೆಯುವ ಎಂಜಿನ್ನಿನ ಕುಲಗೋತ್ರ ವಿಚಾರಿಸಿದವರು ಕಡಿಮೆ. ಅದರಲ್ಲೂ ಗೂಡ್ಸ್ ಗಾಡಿಯ ಎಂಜಿನ್ ಎಂದರೆ ಕೇಳುವುದೇ ಬೇಡ. ಗೂಡ್ಸ್ ಗಾಡಿಗೆ ದಾರಿ ಬಿಡಲೆಂದು ನಮ್ಮ ಗಾಡಿ ನಿಂತಾಗ ಗೊಣಗುವುದಷ್ಟೇ ನಮಗೂ ಅದಕ್ಕೂ ಇರುವ ಸಂಬಂಧ.

ಕರ್ನಾಟಕದ ಹೆಸರನ್ನು ಭಾರತೀಯ ರೈಲ್ವೆಯ ಚರಿತ್ರೆಯಲ್ಲಿ ಬರೆಸಿದ ಒಂದು ಗೂಡ್ಸ್ ಎಂಜಿನ್ ಇದೆ. ಅದರ ವಿನ್ಯಾಸ ಅಮೆರಿಕದ್ದು, ಬೆಳೆದದ್ದು ವಾರಾಣಸಿಯಲ್ಲಿ. ಆದರೆ ಭಾರತಕ್ಕೆ ಬಂದಾಗ ಅದಕ್ಕೆ ಮೊದಲ ಮನೆಯಾದದ್ದು ನಮ್ಮ ಹುಬ್ಬಳ್ಳಿಯ ಡೀಸೆಲ್ ಲೋಕೋ ಶೆಡ್. ಆ ಎಂಜಿನ್ನೇ ಡಬ್ಲ್ಯುಡಿಜಿ-4. ಹಳಿಗಳ ಮೇಲೆ ವಿದ್ಯುತ್ ತಂತಿಯ ಜಾಲ ಹರಡಿ, ಡೀಸೆಲ್ ಎಂಜಿನ್ನುಗಳ ಕಾಲ ಹಿಂದೆ ಸರಿಯುತ್ತಿರುವ ಈ ಹೊತ್ತಿನಲ್ಲಿ ಅದರ ಕಥೆಯನ್ನು ಒಮ್ಮೆ ನೆನೆಯುವುದು ಉಚಿತ.

ಹೆಸರಿನಲ್ಲೇ ಜಾತಕ

ರೈಲ್ವೆಯವರು ಎಂಜಿನ್ನಿಗೆ ಇಡುವ ಹೆಸರು ಒಗಟಿನಂತೆ ಕಂಡರೂ ಬಿಡಿಸುವುದು ಸುಲಭ. ಮೊದಲ ಅಕ್ಷರ ಡಬ್ಲ್ಯು ಎಂದರೆ ಬ್ರಾಡ್‌ಗೇಜ್. ಎರಡನೆಯದಾದ ಡಿ ಎಂದರೆ ಡೀಸೆಲ್. ಮೂರನೆಯ ಜಿ ಎಂದರೆ ಗೂಡ್ಸ್. ಕೊನೆಯ 4 ಎಂದರೆ 4,000 ಅಶ್ವಶಕ್ತಿ. ಜಿ ಇದ್ದಲ್ಲಿ ಪಿ ಇದ್ದರೆ ಅದು ಪ್ರಯಾಣಿಕರ ಗಾಡಿಯ ಎಂಜಿನ್, ಎಂ ಇದ್ದರೆ ಎರಡೂ ಕೆಲಸಕ್ಕೆ ಸಲ್ಲುವಂಥದ್ದು.

ಡೀಸೆಲ್-ಎಲೆಕ್ಟ್ರಿಕ್ ಎಂಬ ಮಾತನ್ನೂ ಇಲ್ಲಿಯೇ ಬಿಡಿಸಿ ಹೇಳಬೇಕು. ಲಾರಿಯಲ್ಲಿ ಡೀಸೆಲ್ ಎಂಜಿನ್ ಗೇರುಗಳ ಮೂಲಕ ಚಕ್ರವನ್ನು ತಿರುಗಿಸುತ್ತದೆ. ರೈಲಿನ ಈ ಎಂಜಿನ್ನಿನಲ್ಲಿ ಹಾಗಲ್ಲ. ಇಲ್ಲಿ ಡೀಸೆಲ್ ಯಂತ್ರ ತಿರುಗಿಸುವುದು ವಿದ್ಯುತ್ ಉತ್ಪಾದಿಸುವ ಯಂತ್ರವನ್ನು. ಆ ವಿದ್ಯುತ್ತು ಚಕ್ರಗಳ ಅಚ್ಚುಗಳಿಗೆ ಜೋಡಿಸಿದ ಮೋಟಾರುಗಳಿಗೆ ಹೋಗಿ ಗಾಡಿ ಓಡುತ್ತದೆ. ಸರಳವಾಗಿ ಹೇಳುವುದಾದರೆ, ತನ್ನ ವಿದ್ಯುತ್ ಕೇಂದ್ರವನ್ನು ತಾನೇ ಹೊತ್ತುಕೊಂಡು ತಿರುಗುವ ವಿದ್ಯುತ್ ಎಂಜಿನ್ ಇದು.

1962ರ ಪೈಪೋಟಿ

ಈ ಕಥೆಯ ಬೇರು 1962ರಲ್ಲಿದೆ. ಉಗಿ ಎಂಜಿನ್ನುಗಳನ್ನು ಬಿಟ್ಟು ಡೀಸೆಲ್ ಕಡೆಗೆ ತಿರುಗಲು ಹೊರಟಿದ್ದ ಭಾರತೀಯ ರೈಲ್ವೆಯ ಮುಂದೆ ಆಗ ಅಮೆರಿಕದ ಎರಡು ಕಂಪನಿಗಳ ಎಂಜಿನ್ನುಗಳು ನಿಂತಿದ್ದವು. ಒಂದು ಆಲ್ಕೋ ಎಂದು ಕರೆಯಲಾಗುವ ಅಮೆರಿಕನ್ ಲೋಕೋಮೋಟಿವ್ ಕಂಪನಿಯದು. ಇನ್ನೊಂದು ಜನರಲ್ ಮೋಟಾರ್ಸ್‌ನ ಎಲೆಕ್ಟ್ರೋ-ಮೋಟಿವ್ ವಿಭಾಗದ್ದು. ಎರಡೂ 2,600 ಅಶ್ವಶಕ್ತಿಯವು. ಆಲ್ಕೋದ ಎಂಜಿನ್ನಿಗೆ ಡಬ್ಲ್ಯುಡಿಎಂ-2 ಎಂದೂ ಜನರಲ್ ಮೋಟಾರ್ಸ್‌ನದಕ್ಕೆ ಡಬ್ಲ್ಯುಡಿಎಂ-4 ಎಂದೂ ಹೆಸರಾಯಿತು.

ಜನರಲ್ ಮೋಟಾರ್ಸ್‌ನ ಎಂಜಿನ್ ಕಳಪೆಯೇನೂ ಆಗಿರಲಿಲ್ಲ. 1969ರಲ್ಲಿ ಹೌರಾ-ದೆಹಲಿ ನಡುವೆ ದೇಶದ ಮೊದಲ ರಾಜಧಾನಿ ಎಕ್ಸ್‌ಪ್ರೆಸ್ ಆರಂಭವಾದಾಗ ಅದನ್ನು ಎಳೆಯುವ ಗೌರವ ದಕ್ಕಿದ್ದು ಇದೇ ಡಬ್ಲ್ಯುಡಿಎಂ-4ಕ್ಕೆ. ಆದರೂ ಭಾರತ ಒಲಿದದ್ದು ಆಲ್ಕೋಗೆ. ಕಾರಣ, ಎಂಜಿನ್ ಮಾರುವುದರ ಜೊತೆಗೆ ಅದನ್ನು ತಯಾರಿಸುವ ವಿದ್ಯೆಯನ್ನೂ ಕಲಿಸಿಕೊಡಲು ಆಲ್ಕೋ ಒಪ್ಪಿತ್ತು. ಕೊಂಡು ತಂದದ್ದು ಇಂದಲ್ಲ ನಾಳೆ ಸವೆದುಹೋಗುತ್ತದೆ, ಕಲಿತ ವಿದ್ಯೆ ಉಳಿಯುತ್ತದೆ ಎಂಬುದು ಆ ಕಾಲದ ಲೆಕ್ಕಾಚಾರ.

ಅದರ ಫಲವಾಗಿ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಕಾರ್ಖಾನೆಯಿಂದ 1964ರ ಜನವರಿಯಲ್ಲಿ ಮೊದಲ ಎಂಜಿನ್ ಹೊರಬಂತು. ಮುಂದೆ 2,600ಕ್ಕೂ ಹೆಚ್ಚು ಡಬ್ಲ್ಯುಡಿಎಂ-2 ಎಂಜಿನ್ನುಗಳು ತಯಾರಾದವು. 1970ರಿಂದ 90ರ ದಶಕದವರೆಗೆ ಊರಿಗೆ ಹೋಗಿಬಂದ ಹಿರಿಯರು ಕಿಟಕಿಯಲ್ಲಿ ಕಂಡ ಹೊಗೆ, ಕೇಳಿದ ಗುಡುಗಿನಂಥ ಸದ್ದು ಬಹುಪಾಲು ಇದರದೇ. ಇಲ್ಲೊಂದು ವಿಚಿತ್ರವನ್ನೂ ಗಮನಿಸಬೇಕು. ಅಮೆರಿಕದಲ್ಲಿ ಆಲ್ಕೋ ಕಂಪನಿ 1969ರಲ್ಲಿಯೇ ಎಂಜಿನ್ ತಯಾರಿಕೆ ನಿಲ್ಲಿಸಿ ಬಾಗಿಲು ಮುಚ್ಚಿತು. ಗುರು ಕಣ್ಮರೆಯಾದ ಮೇಲೂ ಶಿಷ್ಯ ವಾರಾಣಸಿಯಲ್ಲಿ ದಶಕಗಳ ಕಾಲ ಆ ವಿದ್ಯೆಯನ್ನು ಬೆಳೆಸಿಕೊಂಡು ಹೋದ. ಅದೇ ಆಲ್ಕೋ ವಂಶದಲ್ಲಿ 1990ರ ದಶಕದ ಮಧ್ಯಭಾಗಕ್ಕೆ 3,100 ಅಶ್ವಶಕ್ತಿಯ ಗೂಡ್ಸ್ ಎಂಜಿನ್ ಕೂಡ ಸಿದ್ಧವಾಯಿತು.

ಬಿಟ್ಟುಹೋದವರು ಮರಳಿ ಬಂದರು

ಅಷ್ಟು ಹೊತ್ತಿಗೆ ಲೋಕದಲ್ಲಿ ಡೀಸೆಲ್ ಎಂಜಿನ್ನುಗಳ ಸ್ವರೂಪವೇ ಬದಲಾಗಿತ್ತು. ಜನರಲ್ ಮೋಟಾರ್ಸ್‌ನವರು ಜರ್ಮನಿಯ ಸೀಮೆನ್ಸ್ ಕಂಪನಿಯ ಜೊತೆಗೂಡಿ ಎಸಿ ಮೋಟಾರಿನ ಎಂಜಿನ್ನನ್ನು ರೂಪಿಸಿದ್ದರು. ಎಸ್‌ಡಿ70ಮ್ಯಾಕ್ ಎಂಬ ಆ ಮಾದರಿಯನ್ನು ಅಮೆರಿಕದ ಬರ್ಲಿಂಗ್ಟನ್ ನಾರ್ದರ್ನ್ ರೈಲ್ವೆ 1993ರಲ್ಲಿ ಒಂದೇ ಸಲಕ್ಕೆ 350ರಷ್ಟು ಖರೀದಿಸಲು ಮುಂದಾಯಿತು. ಕಲ್ಲಿದ್ದಲಿನ ಭಾರೀ ಗಾಡಿಗಳನ್ನು ಎಳೆಯುವುದೇ ಅದರ ಕೆಲಸವಾಗಿತ್ತು.

1995ರಲ್ಲಿ ಭಾರತೀಯ ರೈಲ್ವೆ ಇದೇ ಜನರಲ್ ಮೋಟಾರ್ಸ್ ಜೊತೆ 21 ಎಂಜಿನ್ನುಗಳಿಗೆ ಒಪ್ಪಂದ ಮಾಡಿಕೊಂಡಿತು. 1960ರ ದಶಕದಲ್ಲಿ ಯಾವ ಮಾತಿಗೆ ಸಂಬಂಧ ಕುದುರಲಿಲ್ಲವೋ ಆ ಮಾತಿಗೆ ಈಗ ಒಪ್ಪಿಗೆ ಸಿಕ್ಕಿತ್ತು. ಎಂಜಿನ್ ಜೊತೆಗೆ ತಂತ್ರಜ್ಞಾನವೂ ವಾರಾಣಸಿಗೆ ಬರುವುದೆಂದು ತೀರ್ಮಾನವಾಯಿತು. 13 ಎಂಜಿನ್ನುಗಳು ಪೂರ್ತಿ ಸಿದ್ಧವಾಗಿ ಬರುವುದು, ಉಳಿದ 8 ಬಿಡಿ ಭಾಗಗಳಾಗಿ ಬಂದು ವಾರಾಣಸಿಯಲ್ಲಿ ಜೋಡಣೆಯಾಗುವುದು, ಆಮೇಲಿನದು ನಮ್ಮ ಕೈಯದೇ ತಯಾರಿ ಎಂಬುದು ಯೋಜನೆ.

ಆದರೆ ಅಮೆರಿಕದ ಎಂಜಿನ್ನನ್ನು ಹಾಗೆಯೇ ತಂದು ನಮ್ಮ ಹಳಿಗೆ ಇಳಿಸುವಂತಿರಲಿಲ್ಲ. ಎಸ್‌ಡಿ70ಮ್ಯಾಕ್‌ನ ತೂಕ ಸುಮಾರು 188 ಟನ್. ಆರು ಅಚ್ಚುಗಳಿಗೆ ಹಂಚಿದರೆ ಒಂದೊಂದರ ಮೇಲೆ 31 ಟನ್ನಿಗೂ ಹೆಚ್ಚು ಭಾರ. ನಮ್ಮ ಹಳಿ, ಸೇತುವೆಗಳಿಗೆ ಅದು ಹೊರಲಾಗದ ಹೊರೆ. ಹೀಗಾಗಿ ಎಂಜಿನ್ನಿನ ಮೈಯನ್ನು 126 ಟನ್ನಿಗೆ ಇಳಿಸಿ, ಅಚ್ಚಿನ ಭಾರವನ್ನು 21 ಟನ್ನಿಗೆ ತಂದರು. ಹಳಿಗಳ ನಡುವಿನ ಅಗಲ ಅಮೆರಿಕದಲ್ಲಿ 1,435 ಮಿಲಿಮೀಟರ್, ನಮ್ಮಲ್ಲಿ 1,676. ಅದಕ್ಕೂ ಹೊಂದಿಸಿದರು. ಹೀಗೆ ಭಾರತಕ್ಕೆಂದೇ ತಿದ್ದಿ ತೀಡಿದ ಮಾದರಿಗೆ ಕಂಪನಿ ಇಟ್ಟ ಹೆಸರು ಜಿಟಿ46ಮ್ಯಾಕ್. ನಮ್ಮವರು ಕರೆದದ್ದು ಡಬ್ಲ್ಯುಡಿಜಿ-4.

1999: ಹುಬ್ಬಳ್ಳಿಯ ಹೊಸಿಲು ದಾಟಿದ್ದು

1999ರಲ್ಲಿ ಸಿದ್ಧ ಎಂಜಿನ್ನುಗಳು ಕಡಲು ದಾಟಿ ಬಂದವು. ಅವುಗಳಿಗೆ 12001ರಿಂದ ಸಂಖ್ಯೆ ಕೊಡಲಾಯಿತು. ದೇಶದಲ್ಲಿ ಎಷ್ಟೋ ದೊಡ್ಡ ಡೀಸೆಲ್ ಶೆಡ್ಡುಗಳಿದ್ದರೂ ಅವುಗಳನ್ನು ಸಾಕುವ ಹೊಣೆ ಸಿಕ್ಕಿದ್ದು ಹುಬ್ಬಳ್ಳಿಗೆ. ಆಗ ಹುಬ್ಬಳ್ಳಿ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತ್ತು. ಅಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ ವಲಯ ಕಾರ್ಯಾರಂಭ ಮಾಡಿದ್ದು 2003ರ ಏಪ್ರಿಲ್ 1ರಂದು. ಅಂದರೆ ವಲಯ ಬರುವ ಮೊದಲೇ ಎಂಜಿನ್ ಬಂದಿತ್ತು.

ಹುಬ್ಬಳ್ಳಿಯೇ ಏಕೆ? ನಕ್ಷೆ ನೋಡಿದರೆ ಉತ್ತರ ಸಿಗುತ್ತದೆ. ಪೂರ್ವಕ್ಕೆ ಹೊಸಪೇಟೆ-ಬಳ್ಳಾರಿಯ ಕಬ್ಬಿಣದ ಅದಿರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಪಶ್ಚಿಮಕ್ಕೆ ಗೋವಾದ ಮೊರ್ಮುಗೋವಾ ಬಂದರು. ಅದಿರು ಕೆಳಗಿಳಿದು ಬಂದರಿಗೆ ಹೋಗಬೇಕು, ಬಂದರಿನಲ್ಲಿ ಇಳಿದ ಕಲ್ಲಿದ್ದಲು ಮೇಲೇರಿ ಕಾರ್ಖಾನೆಗೆ ಬರಬೇಕು. ನಡುವೆ ಅಡ್ಡ ನಿಂತಿರುವುದು ಸಹ್ಯಾದ್ರಿ. 1990ರ ದಶಕದಲ್ಲಿ ಈ ದಾರಿಯ ಮೀಟರ್‌ಗೇಜ್ ಹಳಿಗಳು ಬ್ರಾಡ್‌ಗೇಜ್ ಆದಾಗ ಭಾರೀ ಗಾಡಿಗಳಿಗೆ ಬಾಗಿಲು ತೆರೆಯಿತು. ಬಲವಾದ ಎಂಜಿನ್ನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಬೇಕಿರಲಿಲ್ಲ.

ಹುಬ್ಬಳ್ಳಿಗೆ ರೈಲ್ವೆ ಕೆಲಸ ಹೊಸದಲ್ಲ. ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ, ಅಂದರೆ 1880ರ ದಶಕದಿಂದ ಅಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ. ಅಪ್ಪ, ಮಗ, ಮೊಮ್ಮಗ ಎಂದು ತಲೆಮಾರುಗಳು ಆ ಊರಿನಲ್ಲಿ ಎಣ್ಣೆಮಸಿಯ ಕೈಯಲ್ಲೇ ಅನ್ನ ಉಂಡಿವೆ. ಆದರೆ ಹೊಸ ಎಂಜಿನ್ ಕೇಳುತ್ತಿದ್ದ ವಿದ್ಯೆ ಬೇರೆಯಾಗಿತ್ತು. ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ ರೋಗ ಹೇಳುವ ಕಾಲ ಹೋಗಿ, ಕಂಪ್ಯೂಟರ್ ಪರದೆ ಓದುವ ಕಾಲ ಬಂದಿತ್ತು. ಎಂಜಿನ್ನಿನ ದೋಷವನ್ನು ಎಂಜಿನ್ನೇ ಬರೆದಿಟ್ಟುಕೊಳ್ಳುತ್ತಿತ್ತು. ಅದನ್ನು ಓದಿ ಅರ್ಥ ಮಾಡಿಕೊಳ್ಳುವುದನ್ನು ದೇಶದ ಬೇರೆ ಶೆಡ್ಡುಗಳಿಗಿಂತ ಮೊದಲು ಕಲಿತದ್ದು ಹುಬ್ಬಳ್ಳಿಯ ಕಾರ್ಮಿಕರು, ಮೇಸ್ತ್ರಿಗಳು. ಈ ಮಾತನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು.

ಶಕ್ತಿಗಿಂತ ಹಿಡಿತ ದೊಡ್ಡದು

ಈ ಎಂಜಿನ್ನಿನ ಹೆಚ್ಚುಗಾರಿಕೆ ಏನು? 4,000 ಅಶ್ವಶಕ್ತಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಗುಟ್ಟು ಇರುವುದು ಹಿಡಿತದಲ್ಲಿ.

ರೈಲಿನ ಚಕ್ರವೂ ಉಕ್ಕು, ಹಳಿಯೂ ಉಕ್ಕು. ಉಕ್ಕಿನ ಮೇಲೆ ಉಕ್ಕು ಜಾರುವುದು ಸಹಜ. ಎಷ್ಟೇ ಅಶ್ವಶಕ್ತಿ ಇದ್ದರೂ ಚಕ್ರ ನಿಂತಲ್ಲೇ ತಿರುಗಿದರೆ ಗಾಡಿ ಮುಂದೆ ಹೋಗದು. ಹಳೆಯ ಡಬ್ಲ್ಯುಡಿಎಂ-2ರ ತೂಕ ಸುಮಾರು 113 ಟನ್. ಗಾಡಿ ಹೊರಡಿಸುವಾಗ ಅದು ಕೊಡುತ್ತಿದ್ದ ಎಳೆತ ಸುಮಾರು 30 ಟನ್. ಅಂದರೆ ತನ್ನ ತೂಕದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಡಬ್ಲ್ಯುಡಿಜಿ-4 ತೂಗುವುದು 126 ಟನ್, ಎಳೆಯುವುದು 53 ಟನ್. ತೂಕ ಹೆಚ್ಚಾದದ್ದು ಹತ್ತರಲ್ಲಿ ಒಂದು ಪಾಲಿನಷ್ಟು, ಎಳೆತ ಹೆಚ್ಚಾದದ್ದು ಮುಕ್ಕಾಲು ಪಾಲಿನಷ್ಟು.

ಇದು ಸಾಧ್ಯವಾದದ್ದು ಎಸಿ ಮೋಟಾರಿನಿಂದ. ಹಳೆಯ ಡಿಸಿ ಮೋಟಾರಿನಲ್ಲಿ ಚಕ್ರ ಜಾರತೊಡಗಿದರೆ ಅದರ ವೇಗ ಏರುತ್ತಲೇ ಹೋಗುತ್ತದೆ. ಒಡನೆಯೇ ಶಕ್ತಿ ತಗ್ಗಿಸಬೇಕಾಗುತ್ತದೆ. ಅದರೊಳಗಿನ ಕಾರ್ಬನ್ ಬ್ರಷ್‌ಗಳು ಸವೆದು ಆಗಾಗ ಬದಲಾಯಿಸಬೇಕಾಗುತ್ತದೆ. ನಿಧಾನವಾಗಿ ಬಹಳ ಹೊತ್ತು ಭಾರ ಎಳೆದರೆ ಮೋಟಾರು ಕಾದು ಸುಡುವ ಭಯವೂ ಇದೆ. ಎಸಿ ಮೋಟಾರಿನಲ್ಲಿ ಬ್ರಷ್‌ಗಳೇ ಇಲ್ಲ. ಚಕ್ರ ಎಷ್ಟು ವೇಗದಲ್ಲಿ ತಿರುಗಬೇಕೆಂದು ಕಂಪ್ಯೂಟರ್ ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ. ಎಂಜಿನ್ನಿನ ಅಡಿಯಲ್ಲಿರುವ ರಾಡಾರ್ ನೆಲವನ್ನು ನೋಡಿ ನಿಜವಾದ ವೇಗವನ್ನು ಅಳೆಯುತ್ತದೆ. ಚಕ್ರ ಹಳಿಯ ಮೇಲೆ ಎಷ್ಟು ಸೂಕ್ಷ್ಮವಾಗಿ ಜಾರಿದರೆ ಅತಿ ಹೆಚ್ಚು ಹಿಡಿತ ಸಿಗುವುದೋ ಅಷ್ಟಕ್ಕೇ ಅದನ್ನು ನಿಲ್ಲಿಸುತ್ತದೆ. ಮಳೆಯ ಕೆಸರಿನಲ್ಲಿ ಹೆಬ್ಬೆರಳು ಊರಿ ನಡೆಯುವ ರೈತನ ಜಾಣತನವನ್ನು ಯಂತ್ರಕ್ಕೆ ಕಲಿಸಿದಂತೆ ಎನ್ನಬಹುದು.

ಹಿಡಿತದ ಹಿಂದೆ ಶಕ್ತಿ ಒದಗಿಸುವುದು 16 ಸಿಲಿಂಡರಿನ ಎರಡು ಸ್ಟ್ರೋಕಿನ ಡೀಸೆಲ್ ಯಂತ್ರ. ಅದರ ಹೆಸರಿನಲ್ಲಿ ಬರುವ 710 ಎಂಬ ಸಂಖ್ಯೆ ಒಂದೊಂದು ಸಿಲಿಂಡರಿನ ಗಾತ್ರವನ್ನು ಘನ ಅಂಗುಲದಲ್ಲಿ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೊಂದೂವರೆ ಲೀಟರ್. ಹಳೆಯ ಆಲ್ಕೋ ಯಂತ್ರ ನಾಲ್ಕು ಸ್ಟ್ರೋಕಿನದು. ಆದ್ದರಿಂದಲೇ ಎರಡರ ಸದ್ದೂ ಬೇರೆ. ಹಳಿಯ ಪಕ್ಕದ ಮನೆಯವರು ನೋಡದೆಯೇ ಇಂಥದೇ ಎಂಜಿನ್ ಬಂತೆಂದು ಹೇಳಬಲ್ಲರು.

ಕ್ಯಾಸಲ್‌ರಾಕ್ ಘಾಟಿಯ ಲೆಕ್ಕ

ಮುಂಬಯಿಯವರಿಗೆ ಕರ್ಜತ್-ಲೋಣಾವಳ ಘಾಟಿ ಗೊತ್ತು. ಕರ್ಜತ್‌ನಲ್ಲಿ ಗಾಡಿಯ ಹಿಂದೆ ಬ್ಯಾಂಕರ್ ಎಂಜಿನ್ನುಗಳು ಸೇರಿ ಮೇಲಕ್ಕೆ ನೂಕುವುದನ್ನು, ಆ ಹೊತ್ತಿನಲ್ಲಿ ವಡಾಪಾವ್ ಕೊಳ್ಳುವ ಗಡಿಬಿಡಿಯನ್ನು ಕಾಣದವರಿಲ್ಲ. ಅಲ್ಲಿಯ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಎತ್ತರ. ನಮ್ಮ ಉತ್ತರ ಕನ್ನಡದ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟಿಯ ಏರೂ ಅಷ್ಟೇ. ದೂಧ್‌ಸಾಗರ ಜಲಪಾತದ ಎದೆಯ ಮೇಲೆ ಹಾದುಹೋಗುವ ಈ 26 ಕಿಲೋಮೀಟರಿನಷ್ಟು ದಾರಿ ಕಾಡು, ಸುರಂಗ, ತಿರುವುಗಳಿಂದ ತುಂಬಿದೆ. ಮಳೆಗಾಲದಲ್ಲಿ ಹಳಿ ಒಣಗುವುದೇ ಅಪರೂಪ.

ಇಲ್ಲಿ ಕಲ್ಲಿದ್ದಲು ತುಂಬಿದ ಗಾಡಿ ಮೇಲೇರುವುದರ ಲೆಕ್ಕ ಹಾಕಿ ನೋಡೋಣ. ಸಾಮಾನ್ಯವಾಗಿ ಒಂದು ಗಾಡಿಗೆ 58 ವ್ಯಾಗನ್. ತುಂಬಿದ ವ್ಯಾಗನ್ ಒಂದರ ತೂಕ ಸುಮಾರು 81 ಟನ್. ಒಟ್ಟು 4,700 ಟನ್. 37ಕ್ಕೆ 1ರ ಏರಿನಲ್ಲಿ ಪ್ರತಿ ಟನ್ ಭಾರ ಹಿಂದಕ್ಕೆ ಜಾರದಂತೆ ಹಿಡಿಯಲೆಂದೇ 27 ಕಿಲೋ ಎಳೆತ ಬೇಕು. ಇಡೀ ಗಾಡಿಗೆ 127 ಟನ್ ಆಯಿತು. ಇದರ ಮೇಲೆ ಎಂಜಿನ್ನುಗಳ ಸ್ವಂತ ಭಾರ, ಚಕ್ರದ ಘರ್ಷಣೆ, ತಿರುವಿನ ತಡೆ ಬೇರೆ. ಹಳೆಯ ಎಂಜಿನ್ನುಗಳಾದರೆ ಕಾಗದದ ಮೇಲಿನ ಲೆಕ್ಕಕ್ಕೇ ಐದಾರು ಬೇಕು. ಡಬ್ಲ್ಯುಡಿಜಿ-4 ಆದರೆ ಮೂರಕ್ಕೆ ಲೆಕ್ಕ ಹೊಂದುತ್ತದೆ. ಆದರೆ 53 ಟನ್ ಎಳೆತ ಸಿಗುವುದು ಹೊರಡುವಾಗ ಮಾತ್ರ. ಬಹಳ ಹೊತ್ತು ಎಳೆಯುವಾಗ ಅದು ಸುಮಾರು 40 ಟನ್ನಿಗೆ ಇಳಿಯುತ್ತದೆ. ಮಳೆ, ಮಂಜು, ನಡುದಾರಿಯಲ್ಲಿ ನಿಂತು ಮತ್ತೆ ಹೊರಡುವ ಪ್ರಸಂಗಗಳೂ ಇವೆ. ಹೀಗಾಗಿ ಒಂದು ಗಾಡಿಗೆ ಮುಂದೆ, ಹಿಂದೆ ಎಂದು ಐದರವರೆಗೂ ಡಬ್ಲ್ಯುಡಿಜಿ-4 ಎಂಜಿನ್ನುಗಳನ್ನು ಹಚ್ಚುವುದು ಈ ಘಾಟಿಯಲ್ಲಿ ರೂಢಿಯಾಯಿತು.

ಎಲ್ಲವನ್ನೂ ಮುಂದೆಯೇ ಏಕೆ ಹಚ್ಚುವುದಿಲ್ಲ ಎಂದು ಕೇಳಬಹುದು. ಹಾಗೆ ಮಾಡಿದರೆ ಮೊದಲ ವ್ಯಾಗನ್ನಿನ ಕೊಂಡಿಯ ಮೇಲೆ ಇಡೀ ಗಾಡಿಯ ಸೆಳೆತ ಬಿದ್ದು ಅದು ತುಂಡಾಗುವ ಅಪಾಯವಿದೆ. ಅದಕ್ಕೆಂದೇ ಅರ್ಧ ಭಾರವನ್ನು ಹಿಂದಿನಿಂದ ನೂಕುವುದು.

ಏರುವುದಕ್ಕಿಂತ ಇಳಿಯುವುದೇ ಕಷ್ಟ ಎಂಬ ಮಾತು ಘಾಟಿಯಲ್ಲಿ ಕೆಲಸ ಮಾಡುವವರೆಲ್ಲರಿಗೂ ಗೊತ್ತು. ಅದಿರು ತುಂಬಿದ ಗಾಡಿ ಇಳಿಜಾರಿನಲ್ಲಿ ಕೈಮೀರಿದರೆ ಮುಂದೆ ಏನೂ ಉಳಿಯುವುದಿಲ್ಲ. ಗಾಳಿಯ ಬ್ರೇಕನ್ನೇ ನೆಚ್ಚಿ ಒತ್ತುತ್ತಾ ಇಳಿದರೆ ಬ್ರೇಕ್ ಕಟ್ಟೆಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಡೈನಾಮಿಕ್ ಬ್ರೇಕ್ ನೆರವಾಗುವುದು ಇಲ್ಲಿಯೇ. ಇಳಿಯುವಾಗ ಮೋಟಾರುಗಳೇ ವಿದ್ಯುತ್ ಉತ್ಪಾದಿಸುವ ಯಂತ್ರಗಳಾಗಿ ಚಕ್ರವನ್ನು ತಡೆಯುತ್ತವೆ. ಹುಟ್ಟಿದ ವಿದ್ಯುತ್ತು ಎಂಜಿನ್ನಿನಲ್ಲಿರುವ ಗ್ರಿಡ್‌ಗಳಲ್ಲಿ ಶಾಖವಾಗಿ ಹೊರಹೋಗುತ್ತದೆ. ಹಳೆಯ ಎಂಜಿನ್ನುಗಳಲ್ಲಿ ವೇಗ ಕಡಿಮೆಯಾದಂತೆ ಈ ತಡೆ ಕ್ಷೀಣಿಸುತ್ತಿತ್ತು. ಡಬ್ಲ್ಯುಡಿಜಿ-4ರಲ್ಲಿ ಗಾಡಿ ನಿಲ್ಲುವ ಹಂತದವರೆಗೂ ಇದು ಕೆಲಸ ಮಾಡಬಲ್ಲದು. ಘಾಟಿಯ ಲೋಕೋ ಪೈಲಟ್‌ಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಯಾವುದಿದೆ?

ಸಕಲೇಶಪುರದ ಹಸಿರು ದಾರಿಯಲ್ಲಿ

ಕರಾವಳಿಯ ಓದುಗರಿಗೆ ಹತ್ತಿರವಾದದ್ದು ಇನ್ನೊಂದು ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ 55 ಕಿಲೋಮೀಟರ್. ಹಾಸನ-ಮಂಗಳೂರು ಮೀಟರ್‌ಗೇಜ್ ದಾರಿ 1979ರಲ್ಲಿ ಪೂರ್ಣಗೊಂಡಿತ್ತು. ಹಳಿ ಬದಲಾವಣೆಗಾಗಿ 1996ರಲ್ಲಿ ಮುಚ್ಚಿದ್ದು ತೆರೆಯಲು ಹತ್ತು ವರ್ಷ ಹಿಡಿಯಿತು. 2006ರಲ್ಲಿ ಗೂಡ್ಸ್ ಗಾಡಿಗಳಿಗೆ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳಿಗೆ ಅವಕಾಶವಾಯಿತು. ಇಲ್ಲಿಯ ಏರು 50ಕ್ಕೆ 1. ಸುರಂಗಗಳೇ ಐವತ್ತಕ್ಕೂ ಹೆಚ್ಚು. ಪ್ರಯಾಣಿಕರಿಗಿಂತ ಮೊದಲು ಗೂಡ್ಸ್ ಗಾಡಿಗೆ ದಾರಿ ಬಿಟ್ಟದ್ದಕ್ಕೆ ಆಗ ಊರವರಲ್ಲಿ ಅಸಮಾಧಾನವೂ ಇತ್ತು. ಆದರೆ ಮಂಗಳೂರು ಬಂದರಿಗೆ ಹೋಗುವ ಅದಿರಿನ ಗಾಡಿಗಳೊಂದಿಗೆ ಹೊಸ ಹಳಿಯ ಮೇಲೆ ಪಳಗಿದ್ದು ಇವೇ ಎಂಜಿನ್ನುಗಳು. ಸುಬ್ರಹ್ಮಣ್ಯನ ದರ್ಶನಕ್ಕೆ ರೈಲಿನಲ್ಲಿ ಹೋದವರಲ್ಲಿ ಹಲವರು ಗಾಡಿಯ ಹಿಂದೆ ನೂಕುತ್ತಿದ್ದ ಎಂಜಿನ್ನನ್ನು ಕಂಡಿರಬಹುದು.

ಎಂಜಿನ್ ಓಡಿಸುವವರ ಕಷ್ಟ

ಹೊಗಳಿಕೆಯಷ್ಟೇ ಹೇಳಿದರೆ ಕಥೆ ಪೂರ್ತಿಯಾಗದು. ಡಬ್ಲ್ಯುಡಿಜಿ-4ರಲ್ಲಿ ಲೋಕೋ ಪೈಲಟ್ ಕೂರುವ ಕ್ಯಾಬ್ ಒಂದೇ ಕಡೆ. ಕ್ಯಾಬ್ ಮುಂದಾಗಿ ಓಡಿದರೆ ದಾರಿ ಚೆನ್ನಾಗಿ ಕಾಣುತ್ತದೆ. ಎಂಜಿನ್ ತಿರುಗಿಸುವ ಅನುಕೂಲವಿಲ್ಲದ ಕಡೆ ಉದ್ದನೆಯ ಮೂತಿಯೇ ಮುಂದಾಗುತ್ತದೆ. ಆಗ ಹತ್ತಾರು ಮೀಟರ್ ಉದ್ದದ ಯಂತ್ರದ ಗೂಡಿನ ಆಚೆಗೆ ಇಣುಕಿ ಸಿಗ್ನಲ್ ನೋಡಬೇಕು. ಒಂದು ಬದಿಯ ತಿರುವು ಪೈಲಟ್‌ಗೆ ಕಂಡರೆ ಇನ್ನೊಂದು ಬದಿಯದು ಸಹಾಯಕನಿಗೆ ಮಾತ್ರ ಕಾಣುತ್ತದೆ. ರಾತ್ರಿ, ಮಳೆ, ಘಾಟಿ ಮೂರೂ ಕೂಡಿದಾಗ ಕಣ್ಣು ಕತ್ತು ಎರಡೂ ಸೋಲುತ್ತವೆ.

ಈ ತೊಂದರೆಗೆ ಪರಿಹಾರವಾಗಿ 2010ರ ದಶಕದಲ್ಲಿ ಎರಡೂ ತುದಿಗಳಲ್ಲಿ ಕ್ಯಾಬ್ ಇರುವ ಡಬ್ಲ್ಯುಡಿಜಿ-4ಡಿ ಮಾದರಿ ವಾರಾಣಸಿಯಿಂದ ಬಂತು. ಅದರ ಶಕ್ತಿಯೂ 4,500 ಅಶ್ವಶಕ್ತಿಗೆ ಏರಿತ್ತು. ಮೂಲ ಮಾದರಿ ಅಮೆರಿಕದ್ದಾದರೂ ನಮ್ಮವರ ಕಷ್ಟ ಅರಿತು ಅದನ್ನು ತಿದ್ದಿದ್ದು ನಮ್ಮ ಕಾರ್ಖಾನೆಯೇ. ವಿದ್ಯೆ ಕಲಿಸದೆ ಎಂಜಿನ್ ಮಾತ್ರ ಮಾರಿದ್ದರೆ ಇದು ಆಗುತ್ತಿರಲಿಲ್ಲ.

ಬೆಳೆದ ಕುಟುಂಬ

ಪ್ರಯಾಣಿಕರ ಗಾಡಿಗೆಂದು ಇದರ ತಮ್ಮ ಡಬ್ಲ್ಯುಡಿಪಿ-4 ಕೂಡ 2001ರಲ್ಲಿ ಬಂದ. ತೂಕ ಉಳಿಸಲು ಅದಕ್ಕೆ ಆರರ ಬದಲು ನಾಲ್ಕೇ ಮೋಟಾರು ಕೊಟ್ಟಿದ್ದರು. ಓಟದಲ್ಲಿ ಚುರುಕಾದರೂ ಉದ್ದನೆಯ ಗಾಡಿ ಹೊರಡಿಸುವಾಗ ಚಕ್ರ ಜಾರುವ ದೂರು ಬಂತು. ಮುಂದಿನ ಮಾದರಿಯಲ್ಲಿ ಆರೂ ಮೋಟಾರು ಮರಳಿದವು. ಶಕ್ತಿಗಿಂತ ಹಿಡಿತ ದೊಡ್ಡದು ಎಂಬ ಪಾಠ ಇನ್ನೊಮ್ಮೆ ಆಯಿತು. ಬೆಂಗಳೂರಿನ ಕೃಷ್ಣರಾಜಪುರಂ ಶೆಡ್ ಈ ಎಂಜಿನ್ನುಗಳ ದೊಡ್ಡ ನೆಲೆಗಳಲ್ಲೊಂದಾಗಿ ಹೆಸರು ಮಾಡಿತು.

ಗೂಡ್ಸ್ ಎಂಜಿನ್ನಿನ ತಯಾರಿ 2000ದ ದಶಕದಲ್ಲಿ ವಾರಾಣಸಿಯಲ್ಲಿ ಭರದಿಂದ ಸಾಗಿತು. 12 ಸಾವಿರದ ಸರಣಿಯ ಸಂಖ್ಯೆಗಳು ಸಾಲದೆ 70 ಸಾವಿರದ ಸರಣಿ ತೆರೆಯಬೇಕಾಯಿತು. ಇತ್ತ ಮೂಲ ಕಂಪನಿಯ ಮನೆಯಲ್ಲಿ ಯಜಮಾನರೇ ಬದಲಾದರು. ಜನರಲ್ ಮೋಟಾರ್ಸ್ 2005ರಲ್ಲಿ ತನ್ನ ಎಂಜಿನ್ ವಿಭಾಗವನ್ನು ಮಾರಿತು. 2010ರಲ್ಲಿ ಅದು ಕ್ಯಾಟರ್‌ಪಿಲ್ಲರ್ ಕಂಪನಿಯ ಪಾಲಾಯಿತು. ಬಿಹಾರದ ಮಢೌರಾ ಕಾರ್ಖಾನೆಯಿಂದ ಬರುವ ಡಬ್ಲ್ಯುಡಿಜಿ-4ಜಿ ಎಂಬ ಎಂಜಿನ್ನಿನ ಹೆಸರು ಇದಕ್ಕೆ ಹತ್ತಿರವಿದ್ದರೂ ಅದು ಜನರಲ್ ಎಲೆಕ್ಟ್ರಿಕ್ ವಂಶದ್ದು, ಬೇರೆಯೇ ಕುಲ.

ಅದಿರಿನ ಏರಿಳಿತ, ತಂತಿಯ ಆಗಮನ

ಗೂಡ್ಸ್ ಎಂಜಿನ್ನಿನ ಭಾಗ್ಯ ಅದು ಎಳೆಯುವ ಸರಕಿನ ಭಾಗ್ಯವೇ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಬಳ್ಳಾರಿಯ ಅದಿರಿಗೆ ಚಿನ್ನದ ಬೆಲೆ ಬಂದಾಗ ಹುಬ್ಬಳ್ಳಿಯ ಎಂಜಿನ್ನುಗಳಿಗೆ ಬಿಡುವೇ ಇರಲಿಲ್ಲ. ಆ ಸಂಪತ್ತಿನ ಹಿಂದಿದ್ದ ಅಕ್ರಮವೂ ಬಯಲಾಯಿತು. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತನ್ನು ತಡೆಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಘಾಟಿ ಇಳಿಯುವ ಅದಿರಿನ ಗಾಡಿಗಳು ವಿರಳವಾದವು. ಕಲ್ಲಿದ್ದಲಿನ ಸಾಗಾಟಕ್ಕೂ ಗೋವಾದಲ್ಲಿ ವಿರೋಧ ಎದ್ದಿತು. ಕ್ಯಾಸಲ್‌ರಾಕ್-ಕುಳೆಂ ನಡುವೆ ಎರಡನೆಯ ಹಳಿ ಹಾಕುವ ಯೋಜನೆಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಕಾಡು ಉಳಿಯಬೇಕು, ಉದ್ಯೋಗವೂ ಉಳಿಯಬೇಕು ಎಂಬ ಈ ಜಗ್ಗಾಟದ ನಡುವೆಯೇ ಎಂಜಿನ್ ತನ್ನ ಕೆಲಸ ಮಾಡಿತು.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಆಮದು ಎಣ್ಣೆಯ ಖರ್ಚು ತಗ್ಗಿಸಲು ರೈಲ್ವೆ ಬ್ರಾಡ್‌ಗೇಜ್ ಹಳಿಗಳನ್ನೆಲ್ಲ ವಿದ್ಯುದೀಕರಿಸಲು ಹೊರಟಿತು. 1998ರಲ್ಲಿ ಪೂರ್ತಿಯಾಗಿ ತೆರೆದಂದಿನಿಂದ ಡೀಸೆಲ್ಲಿನಲ್ಲೇ ಓಡಿದ ನಮ್ಮ ಕೊಂಕಣ ರೈಲ್ವೆ 2022ರಲ್ಲಿ ಸಂಪೂರ್ಣ ವಿದ್ಯುದೀಕರಣಗೊಂಡಿತು. ವಾರಾಣಸಿಯ ಕಾರ್ಖಾನೆ ವಿದ್ಯುತ್ ಎಂಜಿನ್ ತಯಾರಿಕೆಗೆ ಇಳಿಯಿತು. 2020ರಲ್ಲಿ ಅದರ ಹೆಸರಿನಿಂದ ಡೀಸೆಲ್ ಎಂಬ ಪದವೇ ಹೋಗಿ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಎಂದಾಯಿತು.

ಡೀಸೆಲ್ ಎಂಜಿನ್ನುಗಳು ನಾಳೆಯೇ ಮಾಯವಾಗುವುದಿಲ್ಲ. ಗುಡ್ಡ ಕುಸಿದು ತಂತಿ ಹರಿದಾಗ, ಪ್ರವಾಹ ಬಂದಾಗ ಕೈಹಿಡಿಯುವುದು ಅವೇ. ಆದರೆ ಇನ್ನೂ ದುಡಿಯಬಲ್ಲ ಎಂಜಿನ್ನುಗಳಿಗೆ ಕೆಲಸ ಕಡಿಮೆಯಾಗುತ್ತಿರುವುದು ನಿಜ. ಅವುಗಳನ್ನು ಸಾಕುವ ಕೈಗಳ ಪ್ರಶ್ನೆಯೂ ಇದರ ಜೊತೆಗಿದೆ. ಮುಂಬಯಿ ಗಿರಣಿಗಳು ಮುಚ್ಚಿದಾಗ ಮಗ್ಗದ ವಿದ್ಯೆ ಬಲ್ಲ ನಮ್ಮವರ ಪಾಡೇನಾಯಿತೆಂದು ಇಲ್ಲಿಯ ಕನ್ನಡಿಗರಿಗೆ ಯಾರೂ ಹೇಳಬೇಕಾಗಿಲ್ಲ. ರೈಲ್ವೆ ನೌಕರರಿಗೆ ಆ ಗತಿ ಬರಲಿಲ್ಲ. ಹಲವು ಡೀಸೆಲ್ ಶೆಡ್ಡುಗಳು ಈಗ ವಿದ್ಯುತ್ ಎಂಜಿನ್ನುಗಳ ನಿರ್ವಹಣೆಯನ್ನೂ ಕಲಿತಿವೆ. ಎಸಿ ಮೋಟಾರು, ಕಂಪ್ಯೂಟರ್ ನಿಯಂತ್ರಣ ಎರಡೂ ಕಡೆ ಇರುವುದರಿಂದ ಡಬ್ಲ್ಯುಡಿಜಿ-4 ಕಲಿಸಿದ ಪಾಠ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಉಳಿಸಿಕೊಳ್ಳಬೇಕಾದ ನೆನಪು

2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ವಸ್ತು ಸಂಗ್ರಹಾಲಯ ಆರಂಭವಾಗಿದೆ. ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುವವರು ಒಮ್ಮೆ ನೋಡಿಬರಬಹುದಾದ ಜಾಗ. ಹಳೆಯದೆಂದರೆ ಉಗಿ ಎಂಜಿನ್ ಮಾತ್ರ ಎಂಬ ಭಾವನೆ ನಮ್ಮಲ್ಲಿದೆ. ನಿನ್ನೆಯ ಡೀಸೆಲ್ ಎಂಜಿನ್ ಕೂಡ ಚರಿತ್ರೆಯೇ. 1999ರಲ್ಲಿ ಬಂದ ಮೊದಲ ಹದಿಮೂರರಲ್ಲಿ ಒಂದಾದರೂ ಗುಜರಿಯ ಪಾಲಾಗದೆ, ತನ್ನ ಸಂಖ್ಯೆಯೊಂದಿಗೆ ಹುಬ್ಬಳ್ಳಿಯಲ್ಲಿಯೇ ಜೋಪಾನವಾಗಿ ನಿಲ್ಲಬೇಕು. ಅದರ ಪಕ್ಕದಲ್ಲಿ ಅದನ್ನು ಪಳಗಿಸಿದ ಫಿಟ್ಟರುಗಳ, ಎಲೆಕ್ಟ್ರಿಷಿಯನ್ನರ, ಮಳೆಯ ರಾತ್ರಿಗಳಲ್ಲಿ ಘಾಟಿ ಇಳಿಸಿದ ಲೋಕೋ ಪೈಲಟ್‌ಗಳ ಅನುಭವವೂ ದಾಖಲಾಗಬೇಕು. ಅವರಲ್ಲಿ ಅನೇಕರು ಈಗಾಗಲೇ ನಿವೃತ್ತರಾಗಿದ್ದಾರೆ. ಯಂತ್ರವನ್ನು ಬಣ್ಣ ಬಳಿದು ನಿಲ್ಲಿಸಬಹುದು, ಬಾಯಿಮಾತಿನ ವಿದ್ಯೆಯನ್ನು ಕೇಳಿ ಬರೆದಿಡದಿದ್ದರೆ ಅದು ಉಳಿಯದು.

ಮುಂಬಯಿ, ಪುಣೆಯ ನಮ್ಮ ಬಳಗಗಳಲ್ಲಿ ರೈಲ್ವೆಯಲ್ಲಿ ದುಡಿದ ಹಿರಿಯರು, ಹುಬ್ಬಳ್ಳಿಯ ರೈಲ್ವೆ ಮನೆತನಗಳಿಂದ ಬಂದವರು ಎಷ್ಟೋ ಮಂದಿ ಇದ್ದಾರೆ. ಕನ್ನಡ ಸಂಘಗಳ ಕಾರ್ಯಕ್ರಮಗಳಲ್ಲಿ ಹಾಡು, ನಾಟಕ, ಯಕ್ಷಗಾನಗಳ ಜೊತೆಗೆ ಒಂದು ಸಂಜೆ ಇಂಥವರ ಮಾತಿಗೂ ಮೀಸಲಾಗಲಿ. ನಮ್ಮನ್ನು ಊರಿಗೂ ಊರಿನಿಂದ ಇಲ್ಲಿಗೂ ಮುಟ್ಟಿಸಿದ ಹಳಿಗಳ ಋಣವನ್ನು ಇಷ್ಟಾದರೂ ತೀರಿಸಬೇಡವೇ?